ನೆಲಿ ಅಂದರೆ ಮನೆ ಅಲ್ಲ

ಸಿಂಗಮ್ಮನ ಕೆರೆ ಏರಿ,
ಕೆ.ಆರ್. ಪುರ
ಸೋಮವಾರ, ೧೭ ನವೆಂಬರ್ ೨೦೨೫

ಸಂಗಾತಿ ದುರ್ಗೇಶನಿಗೆ, ಜಯಮಾಲಾಳ ನಮಸ್ಕಾರ.

ಸಂಘದವರು ಒಬ್ಬರಿಗೊಬ್ಬರು ಬರೆಯುವಾಗ ಹಾಕುವ 'ಸಂಗಾತಿ' ಇದು. ಬೇರೆ ಅರ್ಥ ಹುಡುಕಬೇಡ.

ಕೆರೆಯ ಬಗ್ಗೆ ಸರ್ಕಾರದವರು ನಮಗೆ ಕೊಟ್ಟ ಮಾತುಗಳು ಇವು. ಇಡೀ ಕೆರೆಯಲ್ಲಿ ಮೀನು ಹಿಡಿಯಬಹುದು ಎಂದರು. ಈ ಏರಿಯಿಂದ ಆಚೆ ದಡದವರೆಗೆ ಹರಿಗೋಲು ಓಡಿಸಬಹುದು ಎಂದರು. ಬಲೆ ಒಣಗಿಸಲು ಜಾಗ, ಹೆಂಗಸರಿಗೆ ಪಾಯಿಖಾನೆ, ಕುಡಿಯಲು ನಲ್ಲಿ ಎಂದರು. ಕೊನೆಯ ಆದೇಶ ಬರುವವರೆಗೆ ಯಾರೂ ಯಾರ ಮೈಮೇಲೂ ಹೋಗಬಾರದು ಎಂದರು.

ಇಲ್ಲವೆಂದದ್ದು ಇವು. ಕೆರೆಯ ಮೂಡಲ ಭಾಗದಲ್ಲಿ ಲಂಗರು ಕಲ್ಲು ಬಿಡುವಂತಿಲ್ಲ. ನಿಲ್ಲುವಂತಿಲ್ಲ. ಹುಟ್ಟಿನ ತುದಿ ಕೂಡ ಕೆಸರಿಗೆ ತಾಗುವಂತಿಲ್ಲ. ಪಾಯಿಖಾನೆ ಬಂದಿಲ್ಲ. ನಲ್ಲಿ ಬಂದಿದೆ, ಅದರಲ್ಲಿ ನೀರು ಬಂದಿಲ್ಲ. ಮೈಮೇಲೆ ಹೋಗಬಾರದು ಎಂಬ ಮಾತು ನಮಗೆ ಮಾತ್ರ ಎಂದು ಆಮೇಲೆ ತಿಳಿಯಿತು.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ಹ್ಞೂಂ ಅನ್ನುತ್ತೀ, ನನಗೆ ಸಿಟ್ಟು ಬರುತ್ತದೆ, ಕೆರೆಯ ವಿಷಯ ಬಿಟ್ಟು ಇಬ್ಬರೂ ಬೇರೆಯೇ ಜಗಳಕ್ಕೆ ಇಳಿಯುತ್ತೇವೆ. ಅಷ್ಟು ಕಸುವು ಈಗ ನನ್ನಲ್ಲಿ ಉಳಿದಿಲ್ಲ. ಮೊಹ್ಸಿನ್ ಭಾಯಿ ನಾಳೆ ಮೀನು ಕೊಳ್ಳಲು ಐಸ್ ಗಾಡಿ ತರುತ್ತಾರಲ್ಲ, ಅವರ ಕೈಯಲ್ಲೇ ಇದನ್ನು ಕೊಡುತ್ತೇನೆ. ಶಿವಾಜಿನಗರದಲ್ಲಿ ಅವರ ಅಂಗಡಿಯಲ್ಲಿ ನೀನು ಮೀನು ಕೊಯ್ಯುತ್ತಿದ್ದೀಯಂತೆ, ಅಂಗಡಿಯ ಅಟ್ಟದ ಮೇಲೇ ಮಲಗುತ್ತೀಯಂತೆ. ಹೇಗಿದ್ದಾನೆ ಎಂದು ನಾನು ಕೇಳಿರಲಿಲ್ಲ. ಅವರೇ ಹೇಳಿದರು: "ಕೆಲಸ ಫಸ್ಟ್ ಕ್ಲಾಸ್ ಭಾಭಿ. ಆದ್ರೆ ಗಿರಾಕಿ ಜೊತೆ ಮಾತೇ ಆಡಲ್ಲ. ರೇಟ್ ಕೇಳಿದ್ರೆ ಬೋರ್ಡ್ ಕಡೆ ಕೈ ತೋರಿಸ್ತಾನೆ. ಇದೇನ್ ಮೀನಂಗಡಿನಾ ಮ್ಯೂಸಿಯಮ್ಮಾ ಅಂತಾರೆ ಜನ." ನಗಬಾರದು ಅಂದುಕೊಂಡಿದ್ದೆ. ನಕ್ಕೆ.

ನೀನು ಮಾತು ಬಿಟ್ಟಿದ್ದೀ. ನನಗೆ ಈಗ ನಿನ್ನ ಮಾತು ಬೇಕು. ಒಂದೇ ಒಂದು ಪದ. ಅದಕ್ಕೇ ಈ ಕಾಗದ.

ಮೊದಲು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಬೇಸರವಿಲ್ಲದೆ ಓದು. ಈ ವಾರ ಅಧಿಕಾರಿಯ ಮುಂದೆ ಸಭೆ ಇದೆ, ಅಲ್ಲಿ ಕೇಳಿದರೆ ನೀನು ಇದನ್ನೇ, ಹೀಗೇ, ಇದೇ ಸಾಲಿನಲ್ಲಿ, ದನಿ ಏರಿಸದೆ ಹೇಳಬೇಕಾಗುತ್ತದೆ.

ನಾವು ಕೃಷ್ಣಾ ದಂಡೆಯವರು. ಹೊಳೆಗೆ ಸೇತುವೆ ಬಂತು, ಹರಿಗೋಲಿಗೆ ಜನ ಹತ್ತುವುದು ನಿಂತಿತು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದೆವು. ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿದ್ದಾಗ ಚಂದ್ರಾಮಪ್ಪ ಕಾಕಾ ಬಂದು, ಕೆ.ಆರ್. ಪುರದ ಆಚೆ ಒಂದು ಕೆರೆ ಇದೆ, ಅದರ ಮೀನು ಮುದಿಯಾಗಿ ಸಾಯುತ್ತಿವೆ, ಹಿಡಿಯುವವರಿಲ್ಲ ಅಂದ. ಸಂಘ ಕಟ್ಟಿದೆವು. ಹರಾಜಿನಲ್ಲಿ ನಿಂತೆವು. ಮೀನಿನ ಗುತ್ತಿಗೆ ನಮಗಾಯಿತು, ಇಡೀ ಕೆರೆಗೆ. ಕಾಕಾ ಅಧ್ಯಕ್ಷ, ನಾನು ಕಾರ್ಯದರ್ಶಿ. ಊರಿನಿಂದ ಹರಿಗೋಲು ಲಾರಿಯಲ್ಲಿ ಬಂದ ದಿನ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಪೊಲೀಸ್ ಅದನ್ನು ನೋಡಿ, ಇದೇನ್ ಗುರು ಇಷ್ಟ್ ದೊಡ್ಡ ಇಡ್ಲಿ ತಟ್ಟೆ ಅಂದಿದ್ದ.

ಈ ಕೆರೆಯ ಏರಿಯನ್ನು ಹಿಂದೆ ಯಾವಾಗಲೋ ಎತ್ತರಿಸಿದ್ದರು. ನೀರು ಹಿಂದಕ್ಕೆ ಹಬ್ಬಿ ಮೂಡಲ ಕಡೆಯ ಹೊಲಗಳು ಅದರಡಿ ಹೋದವು. ಹೊಲ ಮುಳುಗಿತು, ಪಹಣಿ ಮುಳುಗಲಿಲ್ಲ. ಹೊಲದವರ ಮೊಮ್ಮಕ್ಕಳು ಆ ಪಹಣಿಯನ್ನು ಕಂಪನಿಗೆ ಮಾರಿಕೊಂಡರು. ಕಂಪನಿ ದಡದ ಮೇಲೆ ಗಾಜಿನ ಹೋಟೆಲು ಕಟ್ಟಿತು. ನೀರಿನ ಮೇಲೆ ಕಿತ್ತಳೆ ಬಣ್ಣದ ಡ್ರಮ್ಮುಗಳನ್ನು ಸಾಲಾಗಿ ತೇಲಿಬಿಟ್ಟಿತು. ಆ ಸಾಲಿನಾಚೆ ನೀರು ಸರ್ಕಾರದ್ದಂತೆ, ಮೀನು ನಮ್ಮದಂತೆ, ನೀರಿನ ಕೆಳಗಿನ ನೆಲ ಮಾತ್ರ ಕಂಪನಿಯದಂತೆ. ಮೇಲೆ ತೇಲಿಕೊಂಡು ಹೋಗಿ, ಕೆಳಗೆ ಮುಟ್ಟಬೇಡಿ.

ಕಂಪನಿಯ ಮ್ಯಾನೇಜರ್ ಸೂರ್ಯ ನಮಗೆ ಇದನ್ನು ತಿಳಿಸಿಕೊಟ್ಟದ್ದು ನೆನಪಿದೆಯಾ. "ಸಿಂಪಲ್ ಅಕ್ಕಾ. ನಿಮ್ಮ ಮನೆ ಮೇಲೆ ವಿಮಾನ ಹೋಗುತ್ತೆ, ನೀವೇನಾದ್ರೂ ಕೇಳ್ತೀರಾ? ಅದೇ ವಿಮಾನ ನಿಮ್ಮ ತಾರಸಿ ಮೇಲೆ ನಿಂತ್ರೆ ಸುಮ್ನಿರ್ತೀರಾ?" ನೀನು ತಲೆ ಕೆರೆದುಕೊಂಡು ಹೇಳಿದೆ: "ನಮ್ಮನಿಗಿ ತಾರಸಿ ಎಲ್ಲದ ಸರ. ತಗಡದ. ವಿಮಾನ ನಿಂತರ ನಾವ ಓಡಿ ಹೋಗ್ತೀವಿ." ಅವತ್ತು ಅವನ ಸೆಕ್ಯೂರಿಟಿಯವರೇ ನಕ್ಕಿದ್ದರು. ನಿನ್ನ ಬಾಯಿಗೆ ಆಗ ಅಂಥ ಕಳೆ ಇತ್ತು.

ಕಲ್ಲು ಬಿಡದೆ ಬಲೆ ಬಿಡಲು ಬರುವುದಿಲ್ಲ. ಹರಿಗೋಲು ದುಂಡಗಿನದು, ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಈಗಿನಂತೆ ಮೂಡಗಾಳಿ ಬೀಸಿದರೆ ಬುಗುರಿಯಾಗುತ್ತದೆ. ಹಗ್ಗಕ್ಕೆ ಕಟ್ಟಿದ ಕಲ್ಲು ಕೆಳಗಿನ ಕೆಸರಿನಲ್ಲಿ ಕೂತರೆ ಮಾತ್ರ ಅದು ಒಂದು ಕಡೆ ನಿಲ್ಲುತ್ತದೆ. ಮೀನು ಇರುವುದು ಮೂಡಲ ಭಾಗದಲ್ಲೇ, ಹಳೆಯ ಹೊಲಗಳ ಬದುವಿನ ಸಂದಿನಲ್ಲಿ. ಪಡುವಲ ಕಡೆ ಚರಂಡಿ ಬಂದು ಬೀಳುತ್ತದೆ, ಅಲ್ಲಿ ಬಲೆ ಹಾಕಿದರೆ ಚಪ್ಪಲಿ ಬರುತ್ತದೆ. ಹೋಗಿ, ಆದರೆ ನಿಲ್ಲಬೇಡಿ ಎನ್ನುವುದು ಊಟಕ್ಕೆ ಕರೆದು, ಎಲೆ ಹಾಕಿ, ಕೂರಬೇಡ ಅಂದ ಹಾಗೆ.

ಈಗ ಆ ಪದದ ವಿಷಯ.

ನಮ್ಮ ಕಡೆ ಕಲ್ಲು ಬಿಟ್ಟವನು ಹಗ್ಗವನ್ನು ಬೆರಳಲ್ಲಿ ಹಿಡಿದು ಕಾಯುತ್ತಾನೆ. ಕಲ್ಲು ಕೆಸರು ಮುಟ್ಟಿದ್ದು ಕೈಗೆ ಗೊತ್ತಾದ ಕೂಡಲೇ "ನೆಲಿ ಹತ್ತಿತು" ಎಂದು ಕೂಗುತ್ತಾನೆ. ಆ ಕೂಗು ಬರುವವರೆಗೆ ಯಾರೂ ಬಲೆಗೆ ಕೈ ಹಾಕುವುದಿಲ್ಲ. ನಾವು ತಳ ಅನ್ನುವುದಿಲ್ಲ. ತಳ ಎಂದರೆ ಹರಿಗೋಲಿನ ತಳ, ನೀರಿನ ಮೇಲೆ ಕೂತು ಆ ಮಾತು ಆಡಿದರೆ ತೂತು ಬೀಳುತ್ತದೆ ಎಂದು ನಿಮ್ಮವ್ವ ಯಂಕಮ್ಮ ಇವತ್ತಿಗೂ ಬಾಯಿ ಮೇಲೆ ಹೊಡೆಯುತ್ತಾಳೆ. ಅದಕ್ಕೆ ನಮಗೆ ನೆಲಿ ಎಂದರೆ ಕಲ್ಲು ಕೂರುವ ಜಾಗ. ಅಷ್ಟೇ. ಕೆಲಸ ಮುಗಿದ ಮೇಲೆ ಕಲ್ಲು ಎತ್ತಿಕೊಂಡು ಮನೆಗೆ ಬರುತ್ತೇವೆ.

ಆಗಸ್ಟಿನ ಸಭೆಯಲ್ಲಿ ಕೆರೆಯ ತಕರಾರು ನೋಡುವ ಸರ್ಕಾರಿ ಅಧಿಕಾರಿ ಕೇಳಿದರು, ನಿಮಗೆ ಬೇಕಾದ್ದು ಏನು, ಒಂದು ಮಾತಲ್ಲಿ ಹೇಳಿ ಅಂತ. ಸಂಘ ನಿನ್ನನ್ನು ಎದ್ದು ನಿಲ್ಲಿಸಿತು. ನೀನು ಅಂದೆ: "ಮೀನ ಆಮ್ಯಾಲ ಸಾಹೇಬ್ರ. ಮೊದಲ ನಮಗ ನೆಲಿ ಬೇಕು. ನೆಲಿ ಇಲ್ದ ನಾವು ಬದುಕೂದಿಲ್ಲ. ಆ ಭಾಗದಾಗ ನಮ್ಮ ನೆಲಿ ಯಾರೂ ತಪ್ಪಸಬಾರ್ದು." ನಾವೆಲ್ಲ ಚಪ್ಪಾಳೆ ತಟ್ಟಿದೆವು. ಗುಮಾಸ್ತ ಬರೆದುಕೊಂಡು ಓದಿದ: "ಅರ್ಜಿದಾರರು ಸದರಿ ಖಾಸಗಿ ಜಮೀನಿನಲ್ಲಿ ತಮಗೆ ಕಾಯಂ ನೆಲೆ ಒದಗಿಸಿಕೊಡುವಂತೆ ಕೋರಿರುತ್ತಾರೆ." ಅವನ ನೆಲೆ ನಮ್ಮ ಕಿವಿಗೆ ನೆಲಿ ಎಂದೇ ಬಿತ್ತು, ಹೌದು ಹೌದು ಎಂದು ತಲೆ ಆಡಿಸಿದೆವು. ನೀನು ರುಜು ಹಾಕಿದೆ. ಕಂಪನಿಯ ವಕೀಲ ಎದ್ದು ಕೋಟಿನ ಗುಂಡಿ ಹಾಕಿಕೊಂಡ. "ನೋಡಿ ಸರ್, ಬಲೆ ಅಂತ ಬಂದ್ರು, ಸೈಟ್ ಅಂತ ನಿಂತ್ರು."

ಬೆಂಗಳೂರಿನಲ್ಲಿ ನೆಲೆ ಎಂದರೆ ಮನೆ. ನೆಲೆಸುವುದು. ಗುಮಾಸ್ತ ಮೋಸ ಮಾಡಲಿಲ್ಲ, ಅವನಿಗೆ ಗೊತ್ತಿದ್ದ ಕನ್ನಡ ಬರೆದ. ನಾವೂ ಸುಳ್ಳು ಹೇಳಲಿಲ್ಲ, ನಮಗೆ ಗೊತ್ತಿದ್ದ ಕನ್ನಡ ಆಡಿದೆವು. ನಡುವೆ ಕೆರೆ ಹೋಯಿತು. ಅವತ್ತಿನಿಂದ ನಮ್ಮ ಕಡತದ ಮೇಲೆ ಮೀನುಗಾರಿಕೆ ಎಂಬುದನ್ನು ಹೊಡೆದು ಒತ್ತುವರಿ ಎಂದು ಬರೆದಿದ್ದಾರೆ. ನಾವು ಬೆಸ್ತರಲ್ಲ, ಭೂಗಳ್ಳರು. ನೀರಿನ ಮೇಲೆ ಮನೆ ಕಟ್ಟುವ ಜನ ಎಂದು ಕ್ಯಾಮೆರಾದವರು ಬಂದರು. ಒಬ್ಬ ಹುಡುಗಿ ನಿಮ್ಮವ್ವನ ಮುಂದೆ ಮೈಕು ಹಿಡಿದು, ಅಜ್ಜಿ ಮನೆ ಯಾವ ಕಡೆ ಕಟ್ಟಬೇಕು ಅಂತಿದ್ದೀರಿ ಎಂದಳು. "ಕೆರ್ಯಾಗ ವಟಗುಡೂ ಕಪ್ಪಿನ್ನ ಕೇಳು ತಂಗಿ. ಅಲ್ಲಿ ಬಾಡಿಗಿ ತಗೊಳ್ಳಾಕಿ ಆಕೀನ" ಅಂದಳು ನಿಮ್ಮವ್ವ. ಅದನ್ನು ಅವರು ತೋರಿಸಲಿಲ್ಲ.

ಸಭೆಯ ದಿನ ಸಂಜೆ ಸಂಘದಲ್ಲಿ ನಡೆದದ್ದು ನಮ್ಮಿಬ್ಬರಿಗೂ ಮರೆತಿಲ್ಲ. ಇನ್ನು ಮೇಲೆ ದುರ್ಗೇಶ ಸಂಘದ ಪರವಾಗಿ ಮಾತಾಡಬಾರದು ಎಂಬ ಮಾತು ಬಂತು. ಒಪ್ಪುವವರು ಕೈ ಎತ್ತಿ ಅಂದರು. ನಾನೂ ಎತ್ತಿದೆ. ನೀನು ಬೇರೆ ಯಾರ ಕೈಯನ್ನೂ ನೋಡಲಿಲ್ಲ. ಮನೆಗೆ ಬಂದು ಬಟ್ಟೆ ಚೀಲಕ್ಕೆ ತುಂಬುವಾಗಲೂ ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದೆ.

ಅದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ದುರ್ಗೇಶ. ಕಾರ್ಯದರ್ಶಿಯ ಗಂಡನಿಗೆ ಸಂಘದಲ್ಲಿ ಬೇರೆ ಚಾಪೆ ಹಾಸುವುದಿಲ್ಲ. ನನಗೆ ಅಕ್ಷರ ಕಲಿಸಿದವರೇ ಹೋರಾಟವನ್ನೂ ಕಲಿಸಿದರು, ಮೊದಲ ಪಾಠ ಇದೇ ಆಗಿತ್ತು. ಆದರೆ ಮೊನ್ನೆ ಸಂಘದಲ್ಲಿ ಎದ್ದು ನಿಂತು ಒಂದು ಮಾತು ಹೇಳಿ ನಡಾವಳಿಯಲ್ಲಿ ಬರೆಸಿದ್ದೇನೆ: ತಪ್ಪಿದ್ದು ದುರ್ಗೇಶನ ನಾಲಿಗೆಯಲ್ಲ, ನಮ್ಮೆಲ್ಲರ ಕಿವಿ. ಓದಿ ಹೇಳಿದಾಗ ತಲೆ ಆಡಿಸಿದವರು ನಾವೆಲ್ಲರೂ. ನಡಾವಳಿಯಲ್ಲಿ ಇದನ್ನು ಬರೆಯುವಾಗ ಯಾರೂ ಎದುರು ಹೇಳಲಿಲ್ಲ. ಎದುರು ಹೇಳುವಷ್ಟು ಜನವೂ ಅಲ್ಲಿ ಇರಲಿಲ್ಲ ಅನ್ನು.

ಯಾಕೆ ಇರಲಿಲ್ಲ ಎಂಬುದನ್ನೂ ಕೇಳು.

ನೀನು ಹೋದ ಮೇಲೆ ಕಂಪನಿಯವರು ಮೋಟಾರು ದೋಣಿ ತಂದರು. ಡ್ರಮ್ಮಿನ ಸಾಲು ದಾಟಿ ಯಾರಾದರೂ ನಿಂತರೆ ಬರುತ್ತಾರೆ, ಕೊಕ್ಕೆಯಿಂದ ಹಗ್ಗ ಎತ್ತಿ ಕತ್ತರಿಸುತ್ತಾರೆ, ಕಲ್ಲನ್ನು ಸಾಕ್ಷಿ ಎಂದು ಅಧಿಕಾರಿಯ ಕಚೇರಿಗೆ ಒಪ್ಪಿಸುತ್ತಾರೆ. ನಮ್ಮ ಕಲ್ಲುಗಳನ್ನೆಲ್ಲ ಅಲ್ಲಿ ಮೆಟ್ಟಿಲ ಕೆಳಗೆ ಬಿಳಿ ಬಣ್ಣದ ನಂಬರು ಹಾಕಿ ಇಟ್ಟಿದ್ದಾರೆ. ಮಧ್ಯಾಹ್ನ ಕಚೇರಿಯ ಹೆಂಗಸರು ಅವುಗಳ ಮೇಲೆ ಕೂತು ಡಬ್ಬಿ ಊಟ ಮಾಡುತ್ತಾರೆ. ಒಬ್ಬಳು ನನಗೂ ಜಾಗ ಬಿಟ್ಟು, ಕೂತ್ಕೊಳ್ಳಿ ಅಕ್ಕ, ತಣ್ಣಗಿದೆ ಅಂದಳು. ಕೂತೆ. ನಮ್ಮ ಸ್ವಂತ ಕಲ್ಲಿನ ಮೇಲೆ ಇನ್ನೊಬ್ಬರು ಜಾಗ ಕೊಟ್ಟು ಕೂರಿಸಿದರು. ಎದ್ದು ಭಾಷಣ ಮಾಡಬೇಕಾದ ಹೊತ್ತು ಅದು. ಕಾಲು ನೋಯುತ್ತಿತ್ತು, ಸುಮ್ಮನೆ ಕೂತೆ.

ಆಮೇಲೆ ಸೂರ್ಯ ಪಾಸು ತಂದ. ಡ್ರಮ್ಮಿನ ಆಚೆ ನಿಲ್ಲಲು, ಕಲ್ಲು ಬಿಡಲು ಪಾಸು. ಬಿಟ್ಟಿ. ಒಂದು ಪೈಸೆ ಬೇಡ. "ದುಡ್ಡಿಗೋಸ್ಕರ ಅಲ್ಲ ಅಕ್ಕಾ, ಸತ್ಯವಾಗ್ಲೂ. ಒಂದು ಸೈನ್, ನಮ್ಮ ಜಾಗದಲ್ಲಿ ನಮ್ಮ ಪರ್ಮಿಷನ್ ತಗೊಂಡು ನಿಲ್ತೀನಿ ಅಂತ. ಆಮೇಲೆ ನಿಮ್ಮ ಪಾಡಿಗೆ ನೀವು ಮೀನು ಹಿಡ್ಕೊಳ್ಳಿ, ನಮಗೇನು." ದುಡ್ಡು ಕೇಳಿದ್ದರೆ ನಮ್ಮವರು ಜಗಳಕ್ಕೆ ನಿಲ್ಲುತ್ತಿದ್ದರು. ಬಿಟ್ಟಿ ಎಂದಾಗ ಜಗಳ ಆಡುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಇವತ್ತು ರುಜು ಹಾಕಿದರೆ ನೆಲ ಅವರದೆಂದು ನಾವೇ ಬರೆದುಕೊಟ್ಟ ಹಾಗೆ, ನಾಳೆ ಪಾಸು ಕೊಡುವುದಿಲ್ಲ ಎಂದರೆ ಎಲ್ಲಿಗೆ ಹೋಗುತ್ತೀರಿ ಎಂದು ನಾನು ಮನೆ ಮನೆಗೆ ಹೋಗಿ ಹೇಳಿದೆ. ಕೇಳಿಸಿಕೊಂಡರು, ಚಹಾ ಕೊಟ್ಟರು. ಮರುದಿನ ಒಬ್ಬೊಬ್ಬರೇ ಹೋಗಿ ರುಜು ಹಾಕಿ ಬಂದರು. ನನ್ನನ್ನು ಕಂಡರೆ ಬಲೆ ಬಿಡಿಸುವವರಂತೆ ತಲೆ ತಗ್ಗಿಸುತ್ತಾರೆ. ಬೈಯಲು ನಾಲಿಗೆ ಏಳುವುದಿಲ್ಲ. ಅವರ ಮನೆಯಲ್ಲೂ ಒಲೆ ಇದೆ.

ದೀಪಾವಳಿ ಕಳೆದ ಮೇಲೆ ಚಂದ್ರಾಮಪ್ಪ ಕಾಕಾನೂ ಪಾಸು ತೆಗೆದುಕೊಂಡ. ನಮ್ಮ ಅಧ್ಯಕ್ಷ. ತಾನಾಗಿಯೇ ಬಂದು ಹೊಸ್ತಿಲ ಹೊರಗೆ ನಿಂತ, ಒಳಗೆ ಬರಲಿಲ್ಲ. "ಜಯಾ, ಎರಡು ತಿಂಗಳಿಂದ ನೀರ ಮ್ಯಾಲ ಗಿರಗಿರ ತಿರಗಾಕತ್ತೀನವ್ವ. ಈ ವಯಸ್ಸಿನಾಗ ತಲಿ ಸುತ್ತತದ. ನನಗ ಒಂದು ಕಡಿ ನಿಲ್ಲಬೇಕಾಗ್ಯದ" ಅಂದ. ಒಳಗಿನಿಂದ ನಿಮ್ಮವ್ವ ಅಂದಳು: "ನಿಂದರು ಚಂದ್ರಾಮ, ನಿಂದರು. ಪಾಸ ಕೊಳ್ಳಾಗ ಹಾಕ್ಕೊ, ಆಕಳಿಗಿ ಗಂಟಿ ಕಟ್ಟಿದಂಗ ಕಾಣ್ತದ." ಅವನು ಆ ಮಾತನ್ನೂ ತೆಗೆದುಕೊಂಡು ಹೋದ. ಮರುದಿನ ಅವಳೇ ಅವನ ಮನೆಗೆ ರೊಟ್ಟಿ ಕಳಿಸಿದಳು. ನಿಮ್ಮವ್ವನ ನ್ಯಾಯ ನಿನಗೆ ಗೊತ್ತಲ್ಲ.

ಈಗ ಪಾಸಿಲ್ಲದೆ ಉಳಿದಿರುವುದು ನಮ್ಮದೂ ಇನ್ನೆರಡು ಮನೆಯವರದೂ ಹರಿಗೋಲು. ಬೆಳಿಗ್ಗೆ ನಾನೇ ಹೋಗುತ್ತೇನೆ. ಕಲ್ಲು ಬಿಡುವಂತಿಲ್ಲ, ಹಾಗಾಗಿ ಒಂದು ಕೈಯಲ್ಲಿ ಹುಟ್ಟು ಆಡಿಸುತ್ತಾ ಇನ್ನೊಂದು ಕೈಯಲ್ಲಿ ಬಲೆ ಎಳೆಯುತ್ತೇನೆ. ಗಾಳಿ ತಳ್ಳುತ್ತದೆ, ಬಲೆ ಸುತ್ತಿಕೊಳ್ಳುತ್ತದೆ, ಹರಿಗೋಲು ತಿರುಗಿ ತಿರುಗಿ ಡ್ರಮ್ಮಿಗೆ ಬಡಿಯುತ್ತದೆ. ಹೋಟೆಲಿನ ಗಾಜಿನ ಹಿಂದೆ ತಿಂಡಿ ತಿನ್ನುವವರು ಎದ್ದು ಬಂದು ವಿಡಿಯೋ ಮಾಡುತ್ತಾರೆ, ಇದೇನೋ ಹಳ್ಳಿಯವರ ಕುಣಿತ ಎಂದುಕೊಂಡು. ಬುಟ್ಟಿ ಅರ್ಧವೂ ತುಂಬುವುದಿಲ್ಲ. ಮೊಹ್ಸಿನ್ ಭಾಯಿ ಆ ಅರ್ಧವನ್ನು ನೋಡಿ ತೂಕದ ಮೇಲೆ ಇಡುವಾಗ ಬೇರೆ ಕಡೆ ನೋಡುತ್ತಾರೆ.

ಮೊದಲು ನನಗೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿನಲ್ಲೇ ಹುಟ್ಟು ಹಾಕುತ್ತಿದ್ದೆ. ಈಗ ಬರೀ ದಣಿವು. ಘೋಷಣೆ ಕೂಗಲು ನಿಂತರೆ ಆಕಳಿಕೆ ಬರುತ್ತದೆ. ಈ ಮಾತನ್ನು ಸಂಘದಲ್ಲಿ ಯಾರಿಗೂ ಹೇಳಿಲ್ಲ. ನಿನಗೂ ಹೇಳಬೇಕಿರಲಿಲ್ಲ. ಬರೆದಾಯಿತು, ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ.

ಶುಕ್ರವಾರ ಕಚೇರಿಗೆ ಹೋಗಿದ್ದೆ. ಹೊರಗೆ ಬೆಂಚಿನ ಮೇಲೆ ಕಾದೆ. ಅಧಿಕಾರಿ ಒಳ್ಳೆಯವರೇ, ಕೂರಿಸಿ ಮಾತಾಡಿದರು. ನೆಲಿ ಎಂದರೆ ಏನು ಎಂದು ಹೇಳಿದೆ. ಕೇಳಿ ನಕ್ಕರು, ಆಮೇಲೆ ನಗುವುದು ಬಿಟ್ಟರು. ಹೇಳಿಕೆ ದುರ್ಗೇಶ ಎಂಬುವರದು, ರುಜು ಅವರದು, ಆ ಮಾತಿನ ಅರ್ಥ ಹೀಗೆ ಎಂದು ಅವರೇ ಬಂದು ಹೇಳಬೇಕು, ಆಗ ತಿದ್ದುಪಡಿ ಬರೆದುಕೊಳ್ಳುತ್ತೇನೆ ಅಂದರು. ತಿದ್ದಿದರೆ ಇದು ಮತ್ತೆ ಮೀನಿನ ಕಡತವಾಗುತ್ತದೆ. ಮೀನಿನ ಗುತ್ತಿಗೆ ಕೊಟ್ಟ ಮೇಲೆ ಮೀನು ಹಿಡಿಯಲು ಬೇಕಾದಷ್ಟು ಹೊತ್ತು ನಿಲ್ಲುವುದೂ ಅದರಲ್ಲೇ ಸೇರಿದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ ಉಳಿಯುತ್ತದೆ, ಅದನ್ನು ನಾನು ನೋಡಬಲ್ಲೆ ಅಂದರು. ತಿದ್ದದಿದ್ದರೆ ಖಾಸಗಿ ಜಮೀನಿನಲ್ಲಿ ಮನೆ ಕೇಳಿದವರ ಕಡತವಾಗಿಯೇ ಮುಗಿಯುತ್ತದೆ. ಹಾಗಾದರೆ ಆದೇಶ ಏನೆಂದು ನಿನಗೆ ನಾನು ಬರೆಯಬೇಕಿಲ್ಲ. ಕಲ್ಲಿನ ಜೊತೆ ಗುತ್ತಿಗೆಯೂ ಹೋಗುತ್ತದೆ, ಪಾಸು ತೆಗೆದುಕೊಂಡವರದೂ ಹೋಗುತ್ತದೆ. ಕಾಕಾನ ಪಾಸು ಆಮೇಲೆ ಯಾವ ಕೊರಳಿಗೂ ಬೇಡ.

ಅವರಿಗೆ ಬೇರೆ ಊರಿಗೆ ವರ್ಗವಾಗಿದೆ. ಹೋಗುವ ಮುಂಚೆ ಈ ಒಂದು ಸಭೆ. ಹೊಸಬರು ಬಂದರೆ ಮತ್ತೆ ನಲ್ಲಿಯಿಂದ ಶುರು.

ನಿನ್ನಿಂದ ಬೇಕಾದ್ದು ಇಷ್ಟು. ಬರಬೇಕು. ಸಂಘದ ಪರವಾಗಿ ಮಾತಾಡಬೇಡ, ಅದಕ್ಕೆ ನಾನಿದ್ದೇನೆ, ನಿರ್ಣಯ ಹಾಗೇ ಇದೆ. ನಿನ್ನ ಪರವಾಗಿ ಮಾತಾಡು. ನೆಲಿ ಎಂದರೆ ಮನೆ ಅಲ್ಲ ಸಾಹೇಬ್ರ, ಕಲ್ಲು ಕೂರುವ ಕೆಸರು, ನಮಗೆ ಜಾಗ ಬೇಡ, ನಿಲ್ಲುವಷ್ಟು ಹೊತ್ತು ಬೇಕು ಎನ್ನು. ಅಲ್ಲಿಗೆ ನಿಲ್ಲಿಸು. ವಕೀಲ ಕೆಣಕುತ್ತಾನೆ, ವಿಮಾನ ತಾರಸಿ ಎಲ್ಲ ಮತ್ತೆ ಬರುತ್ತದೆ, ಎದುರು ಮಾತು ಬೇಡ. ಚಪ್ಪಾಳೆ ಬೀಳುವಂಥದ್ದು ಏನೂ ಹೇಳಬೇಡ. ಈ ಸಲ ಗುಮಾಸ್ತ ಓದಿ ಹೇಳಿದಾಗ ನಾನು ನಿನ್ನ ಪಕ್ಕದಲ್ಲೇ ನಿಂತು ಒಂದೊಂದು ಪದವನ್ನೂ ಕೇಳುತ್ತೇನೆ, ಬೇರೆ ಕನ್ನಡ ಬಂದರೆ ಅಲ್ಲೇ ಹಿಡಿಯುತ್ತೇನೆ.

ಬರಲು ಆಗುವುದಿಲ್ಲ ಎಂದಾದರೆ ಅದನ್ನೂ ಮೊಹ್ಸಿನ್ ಭಾಯಿ ಹತ್ತಿರ ಹೇಳಿ ಕಳಿಸು. ಬೋರ್ಡಿನ ಕಡೆ ಕೈ ತೋರಿಸಬೇಡ. ಬರುವುದಿಲ್ಲ ಎಂಬುದು ಗೊತ್ತಾದರೂ ಒಂದು ದಿನ ಕಡಿಮೆ ಕಾಯಬಹುದು.

ನಿಮ್ಮವ್ವ ಏನಾದರೂ ಬರೆಯಲೇ ಎಂದರೆ ಮೊದಲು ಬೇಡ ಅಂದಳು. "ಅಂವಗ ನಾ ಏನ ಹೇಳ್ಲಿ. ಸಣ್ಣಾಂವ ಇದ್ದಾಗ ಹೊಳಿಗಿ ಬಿದ್ರೂ ಅವ್ವಾ ಅಂತ ಒದರಲಿಲ್ಲ, ಈಸಿಕೊಂಡು ಬಂದು ಹಸಿ ಚಡ್ಡಿ ಮ್ಯಾಲ ಉಣ್ಣಾಕ ಕುಂತ." ಆಮೇಲೆ ನಾನು ಬರೆಯುವುದನ್ನು ನೋಡುತ್ತಾ ಕೂತು ಅಂದಳು: "ಇಷ್ಟ ಬರದೀ, ಉಂಡಿಯಾ ಅಂತ ಒಂದು ಬರಿ." ಆದ್ದರಿಂದ ಇದು ಅವಳ ಪ್ರಶ್ನೆ: ಉಂಡೆಯಾ?

ಸಂಘದ ಪರವಾಗಿ,
ಜಯಮಾಲಾ
ಕಾರ್ಯದರ್ಶಿ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆಯದೆ ಬಿಟ್ಟದ್ದು ಒಂದಿದೆ. ಶುಕ್ರವಾರ ಅಧಿಕಾರಿಯ ಕೋಣೆಯಿಂದ ಹೊರಗೆ ಬಂದಾಗ ಅದೇ ಗುಮಾಸ್ತ ಮೆಟ್ಟಿಲ ಹತ್ತಿರ ಕರೆದು ಹೇಳಿದ: "ಅವ್ರು ಬರ್ಲಿಲ್ಲ ಅಂದ್ರೆ ಇನ್ನೊಂದ್ ದಾರಿ ಇದೆ ಕಣಮ್ಮ. ಹೆಂಡ್ತಿ ಹೇಳಿಕೆ ತಗೋಬಹುದು. ಆದ್ರೆ ಗಂಡ ಹೆಂಡ್ತಿ ಒಂದೇ ಮನೇಲಿ ಇರ್ಬೇಕು. ಇದೀರಾ?" ಸುಳ್ಳು ಹೇಳಿ ಗೆದ್ದದ್ದು ಗೆಲುವಲ್ಲ ಎಂದು ಸಂಘದಲ್ಲಿ ಎಲ್ಲರ ತಲೆ ತಿನ್ನುವವಳು ನಾನು. ಯೋಚಿಸಲೂ ಇಲ್ಲ. ಇದೀವಿ ಅಂದೆ. ಅಂದಮೇಲೆ ಅದು ಸುಳ್ಳು ಎಂದು ನೆನಪಾಯಿತು. ಬಾಯಲ್ಲಿ ಹೇಳಿದರೆ ಸಾಲದಂತೆ, ಸಭೆಯಲ್ಲಿ ಸಾಹೇಬರ ಮುಂದೆ ಬರೆದು ರುಜು ಹಾಕಬೇಕಂತೆ. ನೀನು ಬಂದರೆ ಅದನ್ನು ಯಾರೂ ಬರೆಸಿಕೊಳ್ಳುವುದಿಲ್ಲ. ಆದರೂ ಅದು ಸುಳ್ಳೋ ನಿಜವೋ ಎಂದು ನಿನ್ನ ಬಾಯಿಂದಲೇ ಕೇಳಬೇಕಾಗಿದೆ, ಸಂಘಕ್ಕಲ್ಲ, ನನಗೆ. ಸಭೆ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ.